ಹನ್ನೊಂದು ದಫ್ತರ, ಒಂದು ತಪ್ಪು

ಬೆಳಗಿನ ನಮಾಜಿನ ಚಾಪೆ ಮಡಚಿಟ್ಟು ಖೋಜಲಿ ದಫಾಲ್ಲಾ ಟ್ರಂಕಿನ ಬೀಗ ತೆಗೆಯುತ್ತಾರೆ. ಪೋರ್ಟ್ ಸುಡಾನಿನಲ್ಲಿ ಸೂರ್ಯ ಇನ್ನೂ ಕಡಲಿನಿಂದ ಪೂರ್ತಿ ಮೇಲೆದ್ದಿಲ್ಲ, ಆಗಲೇ ಅವರ ಬಿಳಿ ಜಲಾಬಿಯಾ ನಿಲುವಂಗಿಯ ಕುತ್ತಿಗೆ ಬೆವರಿಗೆ ಒದ್ದೆ. ನೀರಿನ ಕತ್ತೆಗಾಡಿಯವನು ಡ್ರಮ್ಮು ಬಡಿಯುತ್ತ ಬೀದಿ ದಾಟುತ್ತಾನೆ. ಖೋಜಲಿ ಒಂದೊಂದೇ ದಫ್ತರವನ್ನು ಎಳೆಕೂಸಿನ ಹಾಗೆ ಬೆನ್ನಿಗೆ ಅಂಗೈ ಕೊಟ್ಟು ಎತ್ತಿ, ಬೇವಿನ ಮರದ ಪಕ್ಕ ಹಾಸಿದ ಗೋಣಿತಟ್ಟಿನ ಮೇಲೆ ಬಿಡಿಸಿ ಇಡುತ್ತಾರೆ. ಕಡಲಗಾಳಿಯ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದಿನಾ ಅರ್ಧ ಗಂಟೆ ಎಳೆಬಿಸಿಲು ತೋರಿಸದಿದ್ದರೆ ಒಂದು ಮಳೆಗಾಲದೊಳಗೆ ಎಲ್ಲ ಮುದ್ದೆ. ಹಾಳೆಗಳ ನಡುವೆ ಹುಳ ಹಿಡಿಯದಿರಲೆಂದು ಒಣಗಿದ ಬೇವಿನ ಸೊಪ್ಪು ಬೇರೆ.

ಒಟ್ಟು ಹನ್ನೊಂದು ದಫ್ತರಗಳು. ರಾಜಧಾನಿಯ ಅಂಚಿನಲ್ಲಿದ್ದ ಒಂದು ವಿಶ್ವವಿದ್ಯಾಲಯದಲ್ಲಿ ಉಳಿದದ್ದು ಇಷ್ಟೇ. ಯುದ್ಧದಲ್ಲಿ ಕಟ್ಟಡ ಸುಟ್ಟುಹೋಯಿತು, ಕಂಪ್ಯೂಟರುಗಳನ್ನು ಹೊತ್ತೊಯ್ದರು, ದೊಡ್ಡವರು ದೇಶ ಬಿಟ್ಟರು. ಆರು ಸಾವಿರ ಮಕ್ಕಳು ಏನು ಓದಿದರು, ಯಾವುದರಲ್ಲಿ ಎಷ್ಟು ತೆಗೆದರು ಎನ್ನುವುದಕ್ಕೆ ಈಗ ಇರುವ ಸಾಕ್ಷಿ ಈ ಗೋಣಿತಟ್ಟಿನ ಮೇಲೆ ಬಿಸಿಲು ಕಾಯಿಸುತ್ತಿದೆ. ಅದನ್ನು ಕಾಯುತ್ತಿರುವವರು ಮೂರನೇ ದರ್ಜೆ ಗುಮಾಸ್ತ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ, ಬರಬೇಕೆಂದು ಅವರೂ ಅಂದುಕೊಂಡಿಲ್ಲ.

ಎಂಟು ಗಂಟೆಗೆ ಸಾಲು ಶುರು. ಬರುವವರೆಲ್ಲ ಪದವಿ ಮುಗಿಸಿದ ಹುಡುಗ ಹುಡುಗಿಯರು. ಸ್ನಾತಕೋತ್ತರ ಓದಿಗೆ ಹೊರದೇಶದ ಸರ್ಕಾರಗಳು ಕೊಡುವ ವಿದ್ಯಾರ್ಥಿವೇತನವೇ ಈಗ ಅವರಿಗೆ ಉಳಿದಿರುವ ಒಂದೇ ಬಾಗಿಲು. ಅರ್ಜಿ ಮೊಬೈಲಿನಲ್ಲೇ ತುಂಬುತ್ತಾರೆ, ಫೋಟೋ ಇದೆ, ಪಾಸ್‌ಪೋರ್ಟ್ ಇದೆ. ಯಾಕೆ ಓದಬೇಕು ಎಂಬ ಪ್ರಬಂಧವನ್ನೂ ಬರೆದಿರುತ್ತಾರೆ. ಅಂಕಪಟ್ಟಿ ಕೇಳುವ ಜಾಗಕ್ಕೆ ಬಂದು ಎಲ್ಲರ ಬೆರಳೂ ನಿಲ್ಲುತ್ತದೆ. ಆಗ ಯಾರೋ ಹೇಳುತ್ತಾರೆ, ಖೋಜಲಿ ಮಾವನ ಹತ್ತಿರ ಹೋಗು. ಖೋಜಲಿ ಮಾವ ದಫ್ತರ ನೋಡಿ ಕೈಯಲ್ಲಿ ಅಂಕಪಟ್ಟಿ ಬರೆದುಕೊಡುತ್ತಾರೆ. ಪಕ್ಕದ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ ಅಬ್ಬಶರ್ ಅದನ್ನು ಮೂಲ ಹಾಳೆಯ ಜೊತೆ ಹೋಲಿಸಿ, ಆ ಹಾಳೆಯ ಫೋಟೋವನ್ನೂ ಲಗತ್ತಿಸಿ, ಮೊಹರು ಒತ್ತುತ್ತಾರೆ. ಮೂಲ ಹಾಳೆಯ ಫೋಟೋ ಇಲ್ಲದ ಅಂಕಪಟ್ಟಿಯನ್ನು ಹೊರಗಿನ ಸರ್ಕಾರಗಳು ಈಗ ನಂಬುವುದಿಲ್ಲ.

ಮರದ ಇನ್ನೊಂದು ಪಕ್ಕ ಚಹಾ ಕಾಯಿಸುವ ಕಲ್ತೂಮಾ ಈ ಪ್ರಬಂಧಗಳ ಮೊದಲ ಶ್ರೋತೃ. ಸಾಲಿನಲ್ಲಿ ನಿಂತವರು ಬೇಸರಕ್ಕೆ ಅವರ ಮುಂದೆ ಓದುತ್ತಾರೆ.

"ಎಲ್ಲರದೂ ಒಂದೇ ಹಾಡು, ವಾಪಸ್ ಬಂದು ದೇಶ ಕಟ್ತೀವಿ ಅಂತ," ಎಂದು ಕಲ್ತೂಮಾ ಲೋಟ ತೊಳೆಯುತ್ತ ಹೇಳುತ್ತಾರೆ. "ಕಟ್ಟಿ ಕಟ್ಟಿ, ಬೇಡ ಅಂದೋರು ಯಾರು. ಹೋಗೋಕೆ ಮುಂಚೆ ನನ್ನ ಒಲೆಗೆ ಒಂದು ಮರೆ ಕಟ್ಟಿಕೊಟ್ಟು ಹೋಗಿ. ಗಾಳಿಗೆ ಇದ್ದಿಲೆಲ್ಲ ಹಾರಿ ಹೋಗ್ತಿದೆ."

ದಿನಕ್ಕೆ ಹದಿನಾಲ್ಕು ಹದಿನೈದು ಮಂದಿ ಬಂದರೆ ಆರೇಳು ಮಂದಿಗೆ ಕೆಲಸ ಆಗುತ್ತದೆ. ಇದುವರೆಗೆ ಬರೆದ ಅಂಕಪಟ್ಟಿಗಳು ಎರಡು ಸಾವಿರದ ಮುನ್ನೂರು ದಾಟಿವೆ. ಉಳಿದವರು ಬರಿಗೈಯಲ್ಲಿ ಹೋಗುತ್ತಾರೆ, ಏಕೆಂದರೆ ಅವರ ವರ್ಷದ ದಫ್ತರ ಬಂದಿಲ್ಲ.

ದಾಖಲೆ ಕೋಣೆಯಲ್ಲಿ ಇದ್ದದ್ದು ನಲವತ್ತಮೂರು. ಯುದ್ಧ ಶುರುವಾದ ಒಂಬತ್ತನೇ ದಿನ, ಬಂದೂಕಿನವರು ಮುಖ್ಯದ್ವಾರದಲ್ಲಿ ಹರಟೆ ಹೊಡೆಯುತ್ತಿದ್ದಾಗ, ಖೋಜಲಿ ಹಿಂದಿನ ಗೋಡೆಯ ಮುರುಕಲಿನಿಂದ ಒಳಗೆ ಹೋದರು. ಕತ್ತೆಗಾಡಿಯವನಿಗೆ ತಮ್ಮ ಸೈಕಲ್ ಕೊಟ್ಟು ಒಪ್ಪಿಸಿದ್ದರು. ಗಾಡಿಯಲ್ಲಿ ಹಿಡಿದದ್ದು ಒಂದು ಟ್ರಂಕು, ಟ್ರಂಕಿನಲ್ಲಿ ಹಿಡಿದದ್ದು ಹನ್ನೊಂದು. "ಯಾವುದನ್ನ ಆರಿಸಿದಿರಿ ಅಂತ ದಿನಾ ಕೇಳ್ತಾರೆ," ಎನ್ನುತ್ತಾರೆ ಖೋಜಲಿ. "ಆರಿಸೋಕೆ ಅದೇನು ಮದುವೆ ಜವಳಿಯಾ? ಬಾಗಿಲ ಹತ್ತಿರದ ಕಪಾಟು ತೆಗೆದೆ, ಕೈಗೆ ಸಿಕ್ಕಿದ್ದು ತುಂಬಿದೆ. ಒಳಗಿನ ಕಪಾಟಿನ ಮಕ್ಕಳು ಬಂದಾಗ ಮುಖ ಎತ್ತಿ ನೋಡೋಕಾಗಲ್ಲ."

ಹಾಗೆ ಬರಿಗೈಯಲ್ಲಿ ಹೋಗುವವರಿಗೆ ಕಲ್ತೂಮಾ ಚಹಾಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಇದು ಇಬ್ಬರೂ ಮಾತಾಡಿಕೊಂಡು ಮಾಡಿದ್ದಲ್ಲ, ತಾನಾಗೇ ಆದ ಪದ್ಧತಿ.

ಖೋಜಲಿಯವರ ದಫ್ತರಗಳಲ್ಲಿ ಮೂರು ಬಣ್ಣದ ಶಾಯಿ ಇದೆ. ಅಂಕಗಳು ನೀಲಿ, ಫೇಲಾದದ್ದು ಕೆಂಪು. ಅಲ್ಲೊಂದು ಇಲ್ಲೊಂದು ಹೆಸರಿನ ಪಕ್ಕ ಹಸಿರಿನಲ್ಲಿ ಎರಡು ಪದ ಕಾಣುತ್ತವೆ: ದೇವರ ಕರುಣೆ. ತೀರಿಕೊಂಡವರ ಗುರುತು ಅದು. ನಿಯಮದ ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಳ್ಳಿಯ ಮುದುಕ ಮಗನ ಪದವಿಪತ್ರ ಕೇಳಿಕೊಂಡು ಬಂದಿದ್ದ. ಹುಡುಗ ತಾನೇ ಯಾಕೆ ಬರಲಿಲ್ಲ, ಅಷ್ಟು ಸೋಮಾರಿಯೇ ಎಂದು ಖೋಜಲಿ ನಗುತ್ತಲೇ ಕೇಳಿಬಿಟ್ಟರು. ಹುಡುಗ ಹಿಂದಿನ ವಾರ ನೈಲ್ ನದಿಯಲ್ಲಿ ಮುಳುಗಿ ಸತ್ತಿದ್ದ. ಮುದುಕ ರುಮಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಕಾಗದಕ್ಕೆ ಕೈ ಚಾಚಿದ. ಆವತ್ತು ಸಂಜೆಯೇ ಖೋಜಲಿ ಒಂದು ಹಸಿರು ಪೆನ್ನು ಕೊಂಡರು. ಮುಂದೆ ಯಾವ ತಂದೆ ತಾಯಿಗೂ ತಮ್ಮ ಬಾಯಿಂದ ಅಂಥ ಪ್ರಶ್ನೆ ಹೋಗಬಾರದು ಎಂಬುದಷ್ಟೇ ಅದರ ಉದ್ದೇಶ.

ಇಪ್ಪತ್ತೇಳು ವರ್ಷಗಳ ಕೆಲಸದಲ್ಲಿ ಹಸಿರು ಪೆನ್ನು ಒಂದೇ ಸಾಕಾಗಿತ್ತು. ಯುದ್ಧದ ಎರಡೇ ವರ್ಷದಲ್ಲಿ ಇನ್ನೊಂದು ಕೊಳ್ಳಬೇಕಾಯಿತು. ಊರೂರು ಅಲೆಯುತ್ತ ಸುದ್ದಿ ಕೇಳಿದಾಗಲೆಲ್ಲ ಟ್ರಂಕು ತೆಗೆದರು, ಹೆಸರು ಹುಡುಕಿ ಆ ಎರಡು ಪದ ಬರೆದರು. ಹೀಗೆ ಯುದ್ಧಕಾಲದಲ್ಲಿ ಬರೆದವು ಅರವತ್ತಮೂರು. ಅವುಗಳಲ್ಲಿ ಒಂದು ಸುಳ್ಳಾಗಿತ್ತು.

ನಾಲ್ಕು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಸಾಲಿನಲ್ಲಿ ಐದನೆಯವಳಾಗಿ ಒಬ್ಬಳು ಹುಡುಗಿ ಬಂದಳು. ಮೈಗೆ ಸುತ್ತಿದ ತೋಬಿನ ಅಂಚು ಪಯಣದ ಧೂಳಿಗೆ ಕಂದಾಗಿತ್ತು.

"ಪಶುವೈದ್ಯಕೀಯ, ಮಾವ. ಹದಿನಾರನೇ ಬ್ಯಾಚು. ಇಜ್ಲಾಲ್ ಹಮದ್ನಾಲ್ಲಾ," ಎಂದಳು.

ಖೋಜಲಿಗೆ ದಫ್ತರ ತೆರೆಯುವ ಅಗತ್ಯವೇ ಇರಲಿಲ್ಲ. ಅವರು ಪೆನ್ನು ಕೆಳಗಿಟ್ಟು ದನಿ ತಗ್ಗಿಸಿದರು. "ದೇವರು ಅವಳಿಗೆ ಕರುಣೆ ತೋರಲಿ. ನೀನು ಅವಳಿಗೆ ಏನಾಗಬೇಕು ಮಗಳೇ?"

"ನಾನೇ ಅವಳು."

"ಇಂಥ ವಿಷಯದಲ್ಲಿ ತಮಾಷೆ ಬೇಡ ತಾಯಿ. ಅವಳ ಸಾವಿನ ಮನೆ ಚಾಪೆ ಮೇಲೆ ಕೂತು ಎದ್ದು ಬಂದೋನು ನಾನು. ಗೆದಾರಿಫ್ ಕಡೆ, ಅವಳ ತಾಯಿ ಊರಲ್ಲಿ. ಆಯಮ್ಮನಿಗೆ ಕೈಯೆತ್ತಿ ಪ್ರಾರ್ಥನೆ ಹೇಳಿದೀನಿ. ಊಟಾನೂ ಮಾಡಿದೀನಿ."

ಹುಡುಗಿ ಅವರನ್ನೇ ನೋಡಿದಳು. "ಹಾಗಾದ್ರೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಬಿಡಿ ಮಾವ. ನನ್ನ ಸಾವಿಗೆ ನಾನು ಹೋಗೋಕಾಗಿರಲಿಲ್ಲ," ಎಂದು ಪಾಸ್‌ಪೋರ್ಟ್ ತೆಗೆದು ದಫ್ತರದ ಮೇಲಿಟ್ಟಳು.

ಖೋಜಲಿ ಪಾಸ್‌ಪೋರ್ಟಿನ ಫೋಟೋವನ್ನೂ ಅವಳ ಮುಖವನ್ನೂ ನೋಡಿದರು. ಅವಳ ಪುಟ ತೆರೆದರು. ಐದು ವರ್ಷದ ಅಂಕಗಳು ಚೆಂದದ ನೀಲಿಯಲ್ಲಿದ್ದವು, ಹೆಸರಿನ ಪಕ್ಕ ಹಸಿರು ಇತ್ತು. ಅದನ್ನು ಕಂಡದ್ದೇ ಇಜ್ಲಾಲ್ ಸಿಡಿದಳು.

"ನನ್ನನ್ನ ಸತ್ತವರ ಜೊತೆ ಸೇರಿಸೋಕೆ ಮುಂಚೆ ಒಂದು ಮಾತು ವಿಚಾರಿಸಬಾರದಿತ್ತಾ? ಇಷ್ಟು ವರ್ಷ ಗುಮಾಸ್ತಿಕೆ ಮಾಡಿ ಇದೇನಾ ಕಲಿತಿದ್ದು? ಮಂಗಳವಾರ ಮಧ್ಯಾಹ್ನಕ್ಕೆ ಅರ್ಜಿ ಮುಗಿಯುತ್ತೆ. ಬರೋ ವರ್ಷಕ್ಕೆ ನನಗೆ ಮೂವತ್ತು, ಮೂವತ್ತು ಆದವರನ್ನ ಅವರು ತಗೊಳಲ್ಲ. ನಾಲ್ಕು ದಿನ ಲಾರಿ ಮೇಲೆ ಕೂತು ಬಂದಿದೀನಿ. ಈ ಹಾಳೇನ ಅವರಿಗೆ ಕಳಿಸಿದರೆ ಏನಂತಾರೆ? ಸತ್ತವಳಿಗೆ ಎಂಥ ವಿದ್ಯಾರ್ಥಿವೇತನ ಅಂತಾರೆ."

ಖೋಜಲಿ ತಲೆ ತಗ್ಗಿಸಿ ಬೈಸಿಕೊಂಡರು. ಬೈದು ಬೈದು ಸುಸ್ತಾದ ಮೇಲೆ ಹುಡುಗಿ ಕಲ್ತೂಮಾರ ಮಣೆಯ ಮೇಲೆ ಕುಸಿದು ಕೂತಳು. ನಡೆದದ್ದೇನೆಂದು ಆಗ ಹೇಳಿದಳು. ಅವಳು ನದಿಯಾಚೆ ಸೋದರತ್ತೆಯ ಮನೆಗೆ ಹೋಗಿದ್ದಾಗ ಸೇತುವೆ ಮುಚ್ಚಿತು, ಫೋನು ಸತ್ತಿತು. ಈಚೆ ಮನೆಯಲ್ಲಿ ಉಳಿದ ತಂಗಿ ಇನ್ಸಾಫ್ ಅಕ್ಕನ ತೋಬ್ ಸುತ್ತಿಕೊಂಡು, ಅಕ್ಕನ ಚೀಲ ತಗಲಿಸಿಕೊಂಡು ರೊಟ್ಟಿಯ ಸಾಲಿಗೆ ಹೋದಳು. ಶೆಲ್ಲು ಬಿದ್ದದ್ದು ಆ ಸಾಲಿನ ಮೇಲೆ. ಮುಖ ಗುರುತು ಸಿಗದಾಗ ನೆರೆಯವರು ಚೀಲ ತಡಕಿದರು, ಇಜ್ಲಾಲಳ ಕಾಲೇಜು ಕಾರ್ಡು ಸಿಕ್ಕಿತು. ದೂರದ ಊರಿನಲ್ಲಿದ್ದ ತಾಯಿ ಹಿರಿಯ ಮಗಳಿಗಾಗಿ ಮೂರು ದಿನ ಚಾಪೆ ಹಾಸಿ ಅತ್ತಳು, ಕಿರಿಯವಳು ಅತ್ತೆಯ ಮನೆಯಲ್ಲಿ ಕ್ಷೇಮ ಎಂದುಕೊಂಡಳು. ನಾಲ್ಕು ತಿಂಗಳ ಮೇಲೆ ಫೋನು ಬಂದಾಗ ಆಚೆಯಿಂದ ಕೇಳಿದ್ದು ಸತ್ತವಳ ದನಿ.

"ಅವ್ವ ಎರಡನೇ ಸಲ ಚಾಪೆ ಹಾಸಲಿಲ್ಲ," ಎಂದಳು ಇಜ್ಲಾಲ್. "ಅಳೋದೆಲ್ಲ ನಿನ್ನ ಹೆಸರಲ್ಲೇ ಅತ್ತು ಮುಗಿಸಿದೆ, ಇನ್ನು ನನ್ನ ಹತ್ತಿರ ಏನೂ ಉಳಿದಿಲ್ಲ ಅಂದಳು. ಇನ್ಸಾಫಳ ಹೆಸರು ಹೇಳಿ ಯಾರೂ ಅತ್ತಿಲ್ಲ ಮಾವ."

ಕಲ್ತೂಮಾ ಅವಳ ಕೈಗೆ ಚಹಾ ಕೊಟ್ಟು ಖೋಜಲಿಯ ಕಡೆ ತಿರುಗಿದರು. "ಆ ಹಸಿರಿಗೆ ಹೆಬ್ಬೆರಳು ಅಡ್ಡ ಇಟ್ಟು ಫೋಟೋ ಹೊಡೀರಿ ಹಾಜಿ. ದೇವರು ಕಂಡರೂ ಕಾಣದೋನ ಹಾಗೆ ಇರ್ತಾನೆ."

"ದೇವರು ಬಿಡ್ತಾನೆ, ಅಬ್ಬಶರ್ ಬಿಡಲ್ಲ," ಎಂದರು ಖೋಜಲಿ.

ಸಾಲಿನಲ್ಲಿದ್ದ ಒಬ್ಬ, ಪುಟವನ್ನೇ ಹೊಸದಾಗಿ ನಕಲು ಮಾಡಿ ಹೊಲಿದುಬಿಡಿ ಎಂದ. ಖೋಜಲಿ ಬೇಡವೆಂದರು. ಸುಟ್ಟ ವಿಶ್ವವಿದ್ಯಾಲಯದ ದಫ್ತರದಲ್ಲಿ ಒಂದೇ ಒಂದು ಹಾಳೆ ಹೊಸದಾಗಿ ಕಂಡರೆ ಉಳಿದ ಸಾವಿರ ಹಾಳೆಗಳೂ ಸುಳ್ಳಾಗುತ್ತವೆ. ತಪ್ಪು ಬರೆದೆ ಎಂದು ಒಪ್ಪಿಕೊಂಡರೂ ಅಪಾಯವೇ. ಈ ದಫ್ತರಗಳನ್ನು ತಾಳೆ ನೋಡಲು ಬೇರೆ ದಾಖಲೆಯಿಲ್ಲ, ಕುಲಪತಿಯಿಲ್ಲ. ಗೊತ್ತಿಲ್ಲದ್ದನ್ನು ಖೋಜಲಿ ಬರೆಯುವುದಿಲ್ಲ ಎಂಬ ಒಂದು ನಂಬಿಕೆಯ ಮೇಲೆ ಎರಡು ಸಾವಿರ ಮಕ್ಕಳ ಅರ್ಜಿ ನಿಂತಿದೆ. ಒಬ್ಬಳನ್ನು ಬದುಕಿಸಲು ಹೋಗಿ ಎಲ್ಲರ ಕಾಗದಕ್ಕೂ ಮಣ್ಣು ಹಾಕಿದಂತಾದರೆ? ಆ ದಿನ ಅವರು ಫೂಲಿನ ತಟ್ಟೆ ಮುಟ್ಟಲಿಲ್ಲ. ಬೇಯಿಸಿದ ಕಾಳು ಆರಿ ಮೇಲೆ ಎಣ್ಣೆ ಕಟ್ಟಿತು.

ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಅವರು ದಫ್ತರವನ್ನು ಎದೆಗೆ ಅವುಚಿಕೊಂಡು ಅಬ್ಬಶರ್ ಮುಂದೆ ನಿಂತಿದ್ದರು. ಜೊತೆಗೆ ಇಜ್ಲಾಲ್. ಅಬ್ಬಶರ್ ಪೂರ್ತಿ ಕೇಳಿ ಕನ್ನಡಕ ತೆಗೆದರು.

"ಕೋಲು ಕೊಟ್ಟು ಹೊಡೆಸಿಕೊಳ್ಳೋದು ಅಂದ್ರೆ ಇದೇ ನೋಡಿ ಹಾಜಿ. ಗೊತ್ತಾದ ಮೇಲೆ ನಾನು ಸುಮ್ಮನಿರೋ ಹಾಗಿಲ್ಲ. ಯುದ್ಧ ಶುರುವಾದ ಮೇಲೆ ಇಂಥ ಹಸಿರು ಎಷ್ಟು ಬರೆದಿದೀರಿ?"

"ಅರವತ್ತಮೂರು."

"ಎಲ್ಲಾ ಕೇಳಿದ ಮಾತಿನ ಮೇಲೇನಾ?"

"ಕೆಲವು ಹೆಣ ಕಂಡು ಬರೆದಿದ್ದು. ಉಳಿದದ್ದು ಕೇಳಿದ್ದು."

ಅಬ್ಬಶರ್ ಮೊಹರನ್ನು ಬದಿಗೆ ಸರಿಸಿಟ್ಟರು. ಆಮೇಲೆ ಒಂದು ದಾರಿ ಹೇಳಿದರು. ಹುಡುಗಿಯ ಪುಟಕ್ಕೆ ಕಾರಣ ಬರೆದು ತಿದ್ದುಪಡಿ ಮಾಡಬಹುದು. ಆದರೆ ಉಳಿದ ಅರವತ್ತೆರಡಕ್ಕೂ ಸಾವಿನ ಕಾಗದವೋ, ಮನೆಯವರ ಹೇಳಿಕೆಯೋ ಒಂದು ವರ್ಷದೊಳಗೆ ಬರಬೇಕು. ಬಾರದಿದ್ದರೆ ಹನ್ನೊಂದೂ ದಫ್ತರಗಳಿಗೆ ಬೀಗ ಬೀಳುತ್ತದೆ. ಖೋಜಲಿ ಹೂಂ ಎಂದರು.

ನಿಯಮದ ಪ್ರಕಾರ ತಪ್ಪು ಬರಹದ ಮೇಲೆ ಒಂದು ಗೆರೆ ಎಳೆಯಬೇಕು. ಖೋಜಲಿ ಅಡಿಪಟ್ಟಿ ಇಟ್ಟು ಪೆನ್ನು ಹಿಡಿದಾಗ ಇಜ್ಲಾಲ್ ಅವರ ಮಣಿಕಟ್ಟು ಹಿಡಿದಳು.

"ಹೊಡೆದು ಹಾಕಬೇಡಿ ಮಾವ. ಆ ಎರಡು ಪದ ಇನ್ಸಾಫಳದ್ದು."

"ಅವಳು ನಮ್ಮಲ್ಲಿ ಓದಿಲ್ಲವಲ್ಲ ಮಗಳೇ. ದಫ್ತರದಲ್ಲಿ ಅವಳಿಗೆ ಜಾಗ ಇಲ್ಲ."

"ಓದೋಳಿದ್ದಳು. ಪ್ರವೇಶದ ಫಾರಂ ತಂದು ನನ್ನ ದಿಂಬಿನ ಕೆಳಗೆ ಇಟ್ಟಿದ್ದಳು, ತುಂಬಿಕೊಡು ಅಂತ."

ಖೋಜಲಿ ಅಬ್ಬಶರ್ ಮುಖ ನೋಡಿದರು. ಅಬ್ಬಶರ್ ಕಿಟಕಿಯ ಕಡೆ ತಿರುಗಿಕೊಂಡರು. ಖೋಜಲಿ ಗೆರೆ ಎಳೆಯಲಿಲ್ಲ. ಪುಟದ ಅಂಚಿನಲ್ಲಿ, ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು, ಹೀಗೆ ಬರೆದರು: "ಪಕ್ಕದ ಹಸಿರು ಬರಹ ಈ ವಿದ್ಯಾರ್ಥಿನಿಯ ತಂಗಿ ಇನ್ಸಾಫ್ ಹಮದ್ನಾಲ್ಲಾ ಅವರಿಗೆ ಸಲ್ಲತಕ್ಕದ್ದು. ಈ ವಿದ್ಯಾರ್ಥಿನಿ ಜೀವಂತ ಇದ್ದು ನನ್ನ ಎದುರು ನಿಂತಿದ್ದಾಳೆ. ತಪ್ಪು ನನ್ನದು." ಕೆಳಗೆ ಸಹಿ ಮಾಡಿದರು. ಅಬ್ಬಶರ್ ಎರಡು ಸಲ ಓದಿ ಮೊಹರು ಒತ್ತಿದರು.

ಮಂಗಳವಾರ ಹನ್ನೊಂದು ಗಂಟೆಗೆ ಇಜ್ಲಾಲಳ ಅರ್ಜಿ ಹೋಯಿತು, ಆ ಪುಟದ ಫೋಟೋ ಸಮೇತ. ಫಲಿತಾಂಶ ಇನ್ನೂ ಬಂದಿಲ್ಲ. ಅವಳು ಕಸ್ಸಲಾ ಹತ್ತಿರದ ಶಿಬಿರಗಳಲ್ಲಿ ಆಡುಗಳಿಗೆ ಲಸಿಕೆ ಹಾಕುತ್ತ ಕಾಯುತ್ತಿದ್ದಾಳೆ. "ಸಿಕ್ಕರೆ ಒಂಟೆ ರೋಗದ ಮೇಲೆ ಓದ್ತೀನಿ," ಎಂದು ಫೋನಿನಲ್ಲಿ ಹೇಳುತ್ತಾಳೆ. "ಸಿಗದಿದ್ದರೆ ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಎಲ್ಲೋ ಒಂದು ದೇಶದ ಸರ್ಕಾರದ ಕಡತದಲ್ಲಿ ನನ್ನ ತಂಗಿ ಹೆಸರಿದೆ. ಯಾರೋ ಒಬ್ಬರು ಅದನ್ನ ಓದಿರ್ತಾರೆ."

ಖೋಜಲಿಯವರ ಮಧ್ಯಾಹ್ನಗಳು ಈಗ ಬೇರೆಯಾಗಿವೆ. ಮೂರೂವರೆಯ ನಮಾಜು ಮುಗಿಸಿ, ಅಂಕಪಟ್ಟಿಯ ಕೆಲಸ ಬದಿಗಿಟ್ಟು, ಹಸಿರು ಹೆಸರುಗಳ ಮನೆಗಳಿಗೆ ಒಂದೊಂದಾಗಿ ಫೋನು ಹಚ್ಚುತ್ತಾರೆ. ನಂಬರು ಸಿಗುವುದೇ ಕಷ್ಟ, ಸಿಕ್ಕರೆ ಇನ್ನೂ ಕಷ್ಟ. ಹಿತ್ತಲಲ್ಲಿ, ಶಾಲೆಯ ಆವರಣದಲ್ಲಿ ಹೂತವರಿಗೆ ಸಾವಿನ ಕಾಗದ ಬರೆದುಕೊಟ್ಟವರು ಯಾರು? ಹಾಗಾಗಿ ಮನೆಯವರನ್ನೇ ಕೇಳಬೇಕು. ಒಬ್ಬ ತಂದೆ ರೇಗಿದರು: "ಸತ್ತಿದಾನಾ ಅಂತ ನನ್ನ ಬಾಯಿಂದಲೇ ಹೇಳಿಸಬೇಕಾ ನಿನಗೆ? ನಾನೇ ಮಣ್ಣು ಹಾಕಿದೆ. ಬರಕೋ." ಅದಾದರೂ ತಡೆದುಕೊಳ್ಳಬಹುದು ಎನ್ನುತ್ತಾರೆ ಖೋಜಲಿ. ತಾಯಂದಿರದ್ದೇ ಕಷ್ಟ. "ನಿಮ್ಮ ಮಗನ ವಿಚಾರ, ವಿಶ್ವವಿದ್ಯಾಲಯದಿಂದ ಮಾತಾಡ್ತಿದೀನಿ" ಎಂದ ತಕ್ಷಣ ಆ ಕಡೆಯಿಂದ ಒಂದೇ ಮಾತು ಬರುತ್ತದೆ: "ಸಿಕ್ಕಿದನಾ?"

"ಆ ಮಾತು ಕೇಳಿದ ಮೇಲೆ ಎರಡು ದಿನ ನನಗೆ ಊಟ ಸೇರಲ್ಲ," ಎಂದು ಖೋಜಲಿ ಹೇಳುತ್ತಾರೆ. ಈಗ ಅವರು ಫೋನು ಹಚ್ಚುವ ಮುಂಚೆ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ತಾಯಿ ಉಸಿರೆಳೆದುಕೊಳ್ಳುವುದರೊಳಗೆ "ಹೊಸ ಸುದ್ದಿ ಏನೂ ಇಲ್ಲ ಅಕ್ಕಾ" ಎಂಬ ಮಾತು ಮೊದಲು ಹೋಗಬೇಕು. ಇಜ್ಲಾಲ್ ತಿರುಗಿ ಬಂದ ಕಥೆಯನ್ನು ಅವರು ಯಾವ ಮನೆಗೂ ಹೇಳಿಲ್ಲ. ಹೇಳಿದರೆ ಆ ಮನೆಯವರು ತಮ್ಮವರೂ ಬಂದಾರೆಂದು ಬಾಗಿಲು ಮುಚ್ಚುವುದನ್ನೇ ಬಿಟ್ಟಾರು.

ಇದುವರೆಗೆ ಹತ್ತೊಂಬತ್ತು ಮನೆಗಳಾಗಿವೆ. ಹತ್ತೊಂಬತ್ತೂ ಹಸಿರು ಹಾಗೇ ಉಳಿದಿವೆ, ಬದುಕಿದವರು ಒಬ್ಬರೂ ಸಿಕ್ಕಿಲ್ಲ. ಇನ್ನು ನಲವತ್ತಮೂರು ಬಾಕಿ.

ಸರ್ಕಾರ ಏನಾದರೂ ಕೊಡುವುದಾದರೆ ಏನು ಬೇಕು ಎಂದು ಕೇಳಿದರೆ ಖೋಜಲಿ ನಗುತ್ತಾರೆ. ಒಂದು ಕೋಣೆಯೇ, ಒಂದು ಫ್ಯಾನೇ, ದಫ್ತರಕ್ಕೊಂದು ಕಬ್ಬಿಣದ ಕಪಾಟೇ? ಅವರು ಬೇಡವೆಂದು ತಲೆಯಾಡಿಸುತ್ತಾರೆ. ಕಲ್ತೂಮಾ ಅಲ್ಲಿಂದಲೇ, "ಕೇಳಿಕೊಳ್ಳಿ ಹಾಜಿ, ಬಾಯಿ ಸತ್ತೋರಿಗೆ ಯಾರೂ ಕೊಡಲ್ಲ," ಎನ್ನುತ್ತಾರೆ. ಖೋಜಲಿ ಬೇವಿನ ಸೊಪ್ಪು ಸರಿಮಾಡಿ ದಫ್ತರ ಮುಚ್ಚುತ್ತಾರೆ.

"ಆವತ್ತು ಆ ಹುಡುಗಿ ಅಷ್ಟು ಜನದ ಮುಂದೆ ನನಗೆ ಬೈದಳಲ್ಲ," ಎನ್ನುತ್ತಾರೆ. "ಇನ್ನೂ ನಲವತ್ತಮೂರು ಜನ ಇದಾರೆ. ಅವರೂ ಒಬ್ಬೊಬ್ಬರೇ ಬಂದು ಹಾಗೇ ಬೈಯಲಿ. ನಾನು ಇಲ್ಲೇ ಕೂತಿರ್ತೀನಿ."